ಮೂರೂ ಸೋತ ತಂಡ ಮರುವರ್ಷ ಮೂರೂ ಗೆದ್ದದ್ದು ಹೇಗೆ: ಯುಪ್ ಹೈಂಕೆಸ್ ಮತ್ತು ಬಯರ್ನ್ ಮ್ಯೂನಿಕ್

2012ರ ಮೇ 19ರ ರಾತ್ರಿ ಜರ್ಮನಿಯ ಫುಟ್‌ಬಾಲ್ ಕ್ಲಬ್ ಬಯರ್ನ್ ಮ್ಯೂನಿಕ್ ತನ್ನದೇ ಮೈದಾನದಲ್ಲಿ, ಯುರೋಪ್‌ನ ಅತಿ ದೊಡ್ಡ ಕ್ಲಬ್ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್ ಸೋತಿತು. ಎದುರಾಳಿ ಇಂಗ್ಲೆಂಡಿನ ಚೆಲ್ಸಿ. ಆ ಪಂದ್ಯದಲ್ಲಿ ಬಯರ್ನ್‌ಗೆ 20 ಕಾರ್ನರ್ ಸಿಕ್ಕವು, ಚೆಲ್ಸಿಗೆ ಒಂದೇ ಒಂದು. 83ನೇ ನಿಮಿಷದಲ್ಲಿ ಥಾಮಸ್ ಮ್ಯೂಲರ್ ಹೆಡರ್‌ನಿಂದ ಗೋಲು ಹೊಡೆದಾಗ ಇನ್ನೇನು ಮುಗೀತು ಅಂತ ಎಲ್ಲರೂ ಅಂದುಕೊಂಡರು. ಕೋಚ್ ಯುಪ್ ಹೈಂಕೆಸ್ ಕೂಡ ಮ್ಯೂಲರ್‌ನನ್ನು ಹೊರಗೆ ಕರೆಸಿ ಡಿಫೆಂಡರ್ ಫಾನ್ ಬೈಟನ್‌ನನ್ನು ಇಳಿಸಿದರು. ಮರುನಿಮಿಷವೇ ಚೆಲ್ಸಿಗೆ ಆ ಒಂದು ಕಾರ್ನರ್ ಸಿಕ್ಕಿತು, ದ್ರೋಗ್ಬಾ ತಲೆ ಕೊಟ್ಟರು, 1-1. ಎಕ್ಸ್‌ಟ್ರಾ ಟೈಮ್‌ನಲ್ಲಿ ಬಯರ್ನ್‌ಗೆ ಸಿಕ್ಕ ಪೆನಾಲ್ಟಿಯನ್ನು ಆರ್ಯೆನ್ ರಾಬೆನ್ ಹೊಡೆದರು, ಚೆಲ್ಸಿಯ ಗೋಲ್‌ಕೀಪರ್ ಚೆಕ್ ಅದನ್ನು ಹಿಡಿದರು. ಶೂಟೌಟ್‌ನಲ್ಲಿ ಬಯರ್ನ್‌ನ ಗೋಲ್‌ಕೀಪರ್ ನೋಯರ್ ತಾವೇ ಮುಂದೆ ಬಂದು ಒಂದು ಪೆನಾಲ್ಟಿ ಹೊಡೆಯಬೇಕಾಯಿತು. ಓಲಿಚ್ ತಪ್ಪಿಸಿದರು, ಶ್ವೈನ್‌ಸ್ಟೈಗರ್ ಹೊಡೆದದ್ದು ಕಂಬಕ್ಕೆ ಬಡಿಯಿತು. ಕಥೆ ಮುಗಿಯಿತು.

ಅದೊಂದೇ ಸೋಲಾಗಿದ್ದರೆ ದುರದೃಷ್ಟ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅದೇ ಸೀಸನ್‌ನಲ್ಲಿ ಜರ್ಮನಿಯ ಲೀಗ್ ಆದ ಬುಂಡೆಸ್‌ಲಿಗಾದ ಪ್ರಶಸ್ತಿ ಬೊರುಸಿಯಾ ಡಾರ್ಟ್‌ಮುಂಡ್ ಪಾಲಾಗಿತ್ತು, ಎಂಟು ಪಾಯಿಂಟ್ ಅಂತರದಲ್ಲಿ. ಏಪ್ರಿಲ್‌ನಲ್ಲಿ ಡಾರ್ಟ್‌ಮುಂಡ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲೂ ರಾಬೆನ್ ಪೆನಾಲ್ಟಿ ಕಳೆದುಕೊಂಡಿದ್ದರು. ಚೆಲ್ಸಿ ಪಂದ್ಯಕ್ಕೆ ಒಂದು ವಾರ ಮುಂಚೆ ಜರ್ಮನ್ ಕಪ್ ಫೈನಲ್‌ನಲ್ಲಿ ಅದೇ ಡಾರ್ಟ್‌ಮುಂಡ್ 5-2ರಿಂದ ಬಡಿದಿತ್ತು. ಮೂರು ಪ್ರಶಸ್ತಿ, ಮೂರರಲ್ಲೂ ಎರಡನೇ ಸ್ಥಾನ. ಚೆಲ್ಸಿ ಪಂದ್ಯ ಮುಗಿದ ಮೂರೇ ದಿನಕ್ಕೆ ಮ್ಯೂನಿಕ್‌ನಲ್ಲಿ ಬಯರ್ನ್ ಮತ್ತು ನೆದರ್ಲೆಂಡ್ಸ್ ನಡುವೆ ಒಂದು ಸ್ನೇಹಪರ ಪಂದ್ಯವಿತ್ತು. ನೆದರ್ಲೆಂಡ್ಸ್ ಪರ ಇಳಿದ ರಾಬೆನ್‌ಗೆ ಬಯರ್ನ್‌ನ ಅಭಿಮಾನಿಗಳೇ ಸೀಟಿ ಹೊಡೆದು ಮೂದಲಿಸಿದರು.

ಒಂದು ವರ್ಷ ಆರು ದಿನ ಕಳೆದ ಮೇಲೆ ಇದೇ ಕೋಚ್, ಬಹುಪಾಲು ಇದೇ ಆಟಗಾರರು ಲಂಡನ್‌ನ ವೆಂಬ್ಲಿಯಲ್ಲಿ ಯುರೋಪ್ ಚಾಂಪಿಯನ್ ಆದರು. ಲೀಗ್, ಕಪ್, ಚಾಂಪಿಯನ್ಸ್ ಲೀಗ್ ಮೂರನ್ನೂ ಒಂದೇ ಸೀಸನ್‌ನಲ್ಲಿ ಗೆದ್ದ ಮೊದಲ ಜರ್ಮನ್ ಕ್ಲಬ್ ಆದರು. ನಡುವೆ ಆದದ್ದೇನು? ಈ ಪ್ರಶ್ನೆಗೆ ಎಲ್ಲರೂ ಕೊಡುವ ಸುಲಭದ ಉತ್ತರ ದುಡ್ಡು. ಸುಳ್ಳಲ್ಲ. ಆದರೆ ಅದು ಅರ್ಧ ಉತ್ತರ ಮಾತ್ರ ಅಂತ ನನ್ನ ಬಲವಾದ ನಂಬಿಕೆ. ಉಳಿದ ಅರ್ಧ ಹೈಂಕೆಸ್ ಅವರ ಹಿಂದಿನ ಮೂವತ್ಮೂರು ವರ್ಷಗಳ ಕೋಚಿಂಗ್‌ನಲ್ಲಿದೆ. ಅದರಲ್ಲೂ ಅವರ ಸೋಲುಗಳಲ್ಲಿದೆ.

ಮೊದಲು ಮನುಷ್ಯನ ಪರಿಚಯ. 1945ರ ಮೇ 9ರಂದು ಮೊಂಶೆನ್‌ಗ್ಲಾಡ್‌ಬಾಖ್‌ನಲ್ಲಿ ಹುಟ್ಟಿದರು. ಯುರೋಪ್‌ನಲ್ಲಿ ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ತಂದೆ ಕಮ್ಮಾರ. ಹತ್ತು ಮಕ್ಕಳಲ್ಲಿ ಇವರು ಒಂಬತ್ತನೆಯವರು. ಊರಿನ ಕ್ಲಬ್ ಬೊರುಸಿಯಾ ಮೊಂಶೆನ್‌ಗ್ಲಾಡ್‌ಬಾಖ್‌ನಲ್ಲಿ ಫಾರ್ವರ್ಡ್ ಆಗಿ ಬೆಳೆದರು, ನಡುವೆ ಮೂರು ವರ್ಷ ಹ್ಯಾನೊವರ್‌ನಲ್ಲಿ ಆಡಿ ಮತ್ತೆ ಊರಿಗೇ ಬಂದರು. ಬುಂಡೆಸ್‌ಲಿಗಾದಲ್ಲಿ 369 ಪಂದ್ಯ, 220 ಗೋಲು. ನಾಲ್ಕು ಲೀಗ್ ಪ್ರಶಸ್ತಿ. 1975ರ ಯುಇಎಫ್‌ಎ ಕಪ್ (ಯುರೋಪ್‌ನ ಇನ್ನೊಂದು ಕ್ಲಬ್ ಟೂರ್ನಿ) ಫೈನಲ್‌ನ ಎರಡನೇ ಪಂದ್ಯದಲ್ಲಿ ಟ್ವೆಂಟೆ ವಿರುದ್ಧ ಮೂರು ಗೋಲು. ಪಶ್ಚಿಮ ಜರ್ಮನಿಯ ಪರ 1972ರ ಯುರೋ ಕಪ್, 1974ರ ವಿಶ್ವಕಪ್ ಗೆದ್ದ ತಂಡಗಳಲ್ಲಿದ್ದರು, ವಿಶ್ವಕಪ್‌ನಲ್ಲಿ ಮಾತ್ರ ಗಾಯದಿಂದ ಜಾಸ್ತಿ ಆಡಲಾಗಲಿಲ್ಲ. ಅವರ ಕೊನೆಯ ಬುಂಡೆಸ್‌ಲಿಗಾ ಪಂದ್ಯವಂತೂ ವಿಚಿತ್ರ. 1978ರ ಏಪ್ರಿಲ್ 29ರಂದು ಗ್ಲಾಡ್‌ಬಾಖ್ ತಂಡ ಡಾರ್ಟ್‌ಮುಂಡನ್ನು 12-0ರಿಂದ ಸೋಲಿಸಿತು, ಐದು ಗೋಲು ಹೈಂಕೆಸ್ ಅವರದೇ, ಆದರೂ ಗೋಲು ವ್ಯತ್ಯಾಸದ ಮೇಲೆ ಪ್ರಶಸ್ತಿ ಕಲೋನ್‌ಗೆ ಹೋಯಿತು.

ಆಡುವುದು ನಿಲ್ಲಿಸಿದ ಮೇಲೆ ಒಂದು ವರ್ಷ ಉಡೊ ಲಾಟೆಕ್ ಕೈಕೆಳಗೆ ಸಹಾಯಕ ಕೋಚ್. 1979ರಲ್ಲಿ, 34ನೇ ವಯಸ್ಸಿಗೆ, ಅದೇ ಗ್ಲಾಡ್‌ಬಾಖ್‌ನ ಮುಖ್ಯ ಕೋಚ್. ಅಲ್ಲಿ ಎಂಟು ವರ್ಷ ಇದ್ದರು. ಲೊಥಾರ್ ಮಾಥೆಯುಸ್ ಅವರಂಥ ಆಟಗಾರರು ಅವರ ಕೈಯಲ್ಲಿ ಬೆಳೆದರು. ಆದರೆ ಒಂದೇ ಒಂದು ಪ್ರಶಸ್ತಿಯೂ ಬರಲಿಲ್ಲ. 1980ರ ಯುಇಎಫ್‌ಎ ಕಪ್ ಫೈನಲ್ ಎದುರಾಳಿ ಅಂಗಳದ ಗೋಲಿನ ಲೆಕ್ಕದಲ್ಲಿ ಹೋಯಿತು (ಎರಡು ಪಂದ್ಯ ಸೇರಿ ಗೋಲು ಸಮವಾದರೆ, ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದವರು ಗೆಲ್ಲುವ ಆಗಿನ ನಿಯಮ). 1984ರಲ್ಲಿ ಲೀಗ್ ಗೋಲು ವ್ಯತ್ಯಾಸದಲ್ಲಿ ಹೋಯಿತು, ಕಪ್ ಫೈನಲ್ ಪೆನಾಲ್ಟಿಯಲ್ಲಿ ಹೋಯಿತು. 1985ರ ನವೆಂಬರ್‌ನಲ್ಲಿ ರಿಯಲ್ ಮ್ಯಾಡ್ರಿಡನ್ನು 5-1ರಿಂದ ಹೊಡೆದು, ಡಿಸೆಂಬರ್‌ನ ಮರುಪಂದ್ಯದಲ್ಲಿ 4-0 ಸೋತು ಅದೇ ನಿಯಮದಿಂದ ಹೊರಬಿದ್ದರು. ಚೆಲ್ಸಿ ರಾತ್ರಿಯ ಬಗ್ಗೆ ಮಾತಾಡುವಾಗ ಇದನ್ನು ನೆನಪಿಡಬೇಕು. ಕೂದಲೆಳೆಯ ಅಂತರದ ಸೋಲು ಈ ಮನುಷ್ಯನಿಗೆ ಹೊಸದಾಗಿರಲಿಲ್ಲ.

1987ರಲ್ಲಿ ಬಯರ್ನ್ ಕರೆಯಿತು. 1989, 1990 ಎರಡು ಲೀಗ್ ಬಂದವು. ಆಗ ಕಲೋನ್‌ನ ಕೋಚ್ ಆಗಿದ್ದ ಕ್ರಿಸ್ಟೊಫ್ ಡಾವುಮ್, ಹೈಂಕೆಸ್ ಜೊತೆ ಮಾತಾಡುವುದಕ್ಕಿಂತ ಹವಾಮಾನ ನಕ್ಷೆ ನೋಡುವುದು ಮಜಾ ಅನ್ನೋ ಅರ್ಥದ ಮಾತಾಡಿದ್ದು, ಆಮೇಲೆ ಟಿವಿ ಸ್ಟುಡಿಯೋದಲ್ಲಿ ಇಬ್ಬರ ಕಡೆಯವರೂ ಎದುರುಬದುರಾಗಿ ಜಗಳಾಡಿದ್ದು ಜರ್ಮನಿಯಲ್ಲಿ ಇಂದಿಗೂ ಜನ ನೆನೆಸಿಕೊಳ್ಳುವ ಪ್ರಸಂಗ. 1991ರ ಯುರೋಪಿಯನ್ ಕಪ್ (ಚಾಂಪಿಯನ್ಸ್ ಲೀಗ್‌ನ ಹಳೆಯ ಹೆಸರು) ಸೆಮಿಫೈನಲ್‌ನಲ್ಲಿ ರೆಡ್ ಸ್ಟಾರ್ ಬೆಲ್‌ಗ್ರೇಡ್ ವಿರುದ್ಧ ಕೊನೆಯ ಗಳಿಗೆಯ ಸೆಲ್ಫ್ ಗೋಲಿನಿಂದ ಹೊರಬಿದ್ದರು. ಅಕ್ಟೋಬರ್‌ನಲ್ಲಿ ಕೆಲಸ ಹೋಯಿತು. ತೆಗೆದುಹಾಕಿದ್ದು ಕ್ಲಬ್‌ನ ವ್ಯವಸ್ಥಾಪಕರೂ ಗೆಳೆಯರೂ ಆದ ಊಲಿ ಹೊಯ್ನೆಸ್. ಅದು ತಮ್ಮ ಅತಿದೊಡ್ಡ ತಪ್ಪು ಅಂತ ಹೊಯ್ನೆಸ್ ಆಮೇಲೆ ಹಲವು ಸಲ ಹೇಳಿದ್ದಾರೆ. ಗೆಳೆತನ ಮುರಿಯಲಿಲ್ಲ. ಈ ಇಡೀ ಕಥೆ ಸಾಧ್ಯವಾದದ್ದೇ ಅದರಿಂದ.

ಆಮೇಲೆ ಸ್ಪೇನ್. ಬಿಲ್ಬಾವೊದ ಅಥ್ಲೆಟಿಕ್ ಕ್ಲಬ್ ತನ್ನ ಸೀಮೆಯಾದ ಬಾಸ್ಕ್ ಪ್ರದೇಶದ ಆಟಗಾರರನ್ನು ಮಾತ್ರ ಆಡಿಸುತ್ತದೆ. ಅಲ್ಲಿ ಕೋಚ್‌ಗೆ ಹೊರಗಿನಿಂದ ಸ್ಟಾರ್‌ಗಳನ್ನು ಕೊಳ್ಳುವ ಅವಕಾಶವೇ ಇಲ್ಲ, ಇದ್ದವರನ್ನೇ ಬೆಳೆಸಬೇಕು. ಹೈಂಕೆಸ್ ಹದಿಹರೆಯದ ಹೂಲೆನ್ ಗೆರೆರೊ ಅವರನ್ನು ಮೊದಲ ತಂಡಕ್ಕೆ ತಂದರು. ಎರಡನೇ ವರ್ಷ ಐದನೇ ಸ್ಥಾನಕ್ಕೆ ಬಂದು ಯುರೋಪ್ ಟೂರ್ನಿಗೆ ಅರ್ಹತೆ ಪಡೆದರು. ಸ್ಪ್ಯಾನಿಷ್ ಕಲಿತರು.

ಈಗ ನನ್ನ ಲೆಕ್ಕದಲ್ಲಿ ಬಹಳ ಮುಖ್ಯವಾದ ಘಟನೆ. 1994ರಲ್ಲಿ ಅವರು ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್‌ಗೆ ಬಂದರು. ಆ ತಂಡದಲ್ಲಿ ಘಾನಾದ ಟೋನಿ ಯೆಬೊವಾ, ನೈಜೀರಿಯಾದ ಜೇಜೇ ಒಕೊಚಾ, ಮೌರಿಜಿಯೊ ಗಾವುಡಿನೊ ಇದ್ದರು. ಮೂವರೂ ನೋಡುವವರ ಕಣ್ಣು ತುಂಬುವಂಥ ಆಟಗಾರರು, ಮೂವರೂ ತಮ್ಮದೇ ಸ್ವಭಾವದವರು. ಡಿಸೆಂಬರ್‌ನಲ್ಲಿ ಪ್ರ್ಯಾಕ್ಟೀಸ್‌ನಲ್ಲಿ ಸರಿಯಾಗಿ ಮೈಬಗ್ಗಿಸಲಿಲ್ಲ ಅಂತ ಹೈಂಕೆಸ್ ಅವರಿಗೆ ಹೆಚ್ಚುವರಿ ಓಟ ಹಾಕಿದರು. ಮೂವರೂ ಮುನಿಸಿಕೊಂಡರು, ಮುಂದಿನ ಪಂದ್ಯ ಆಡಲ್ಲ ಅಂದರು. ಕ್ಲಬ್ ಅವರನ್ನು ಅಮಾನತು ಮಾಡಿತು. ಯೆಬೊವಾ ಇಂಗ್ಲೆಂಡಿನ ಲೀಡ್ಸ್‌ಗೆ ಹೋದರು, ಗಾವುಡಿನೊ ಮ್ಯಾಂಚೆಸ್ಟರ್ ಸಿಟಿಗೆ ಹೋದರು. ಏಪ್ರಿಲ್ ಹೊತ್ತಿಗೆ ಹೈಂಕೆಸ್ ಅವರೂ ಇರಲಿಲ್ಲ. ಶಿಸ್ತು ಉಳಿಯಿತು, ತಂಡ ಉಳಿಯಲಿಲ್ಲ. ಫ್ರಾಂಕ್‌ಫರ್ಟ್‌ನ ಅಭಿಮಾನಿಗಳು ಇದನ್ನು ಎಷ್ಟೋ ವರ್ಷ ಮರೆಯಲಿಲ್ಲ.

ಮತ್ತೆ ಸ್ಪೇನ್, ಈ ಸಲ ದ್ವೀಪದ ಸಣ್ಣ ಕ್ಲಬ್ ಟೆನೆರಿಫ್. ಮೊದಲ ವರ್ಷವೇ ಲೀಗ್‌ನಲ್ಲಿ ಐದನೇ ಸ್ಥಾನ, ಮರುವರ್ಷ ಯುಇಎಫ್‌ಎ ಕಪ್ ಸೆಮಿಫೈನಲ್. ಅದನ್ನು ನೋಡಿ ರಿಯಲ್ ಮ್ಯಾಡ್ರಿಡ್ ಕರೆಯಿತು.

ಮ್ಯಾಡ್ರಿಡ್‌ನಲ್ಲಿ ಒಂದೇ ಸೀಸನ್, 1997-98. ಲೀಗ್‌ನಲ್ಲಿ ನಾಲ್ಕನೇ ಸ್ಥಾನ, ಅದು ಅಲ್ಲಿ ಕ್ಷಮೆ ಇಲ್ಲದ ಅಪರಾಧ. ಆದರೆ ಚಾಂಪಿಯನ್ಸ್ ಲೀಗ್‌ನಲ್ಲಿ ತಂಡ ಮುಂದೆ ಹೋಗುತ್ತಲೇ ಇತ್ತು. ಕ್ವಾರ್ಟರ್ ಫೈನಲ್‌ನಲ್ಲಿ ಸಿಕ್ಕಿದ್ದು ಬಾಯರ್ ಲೆವರ್‌ಕುಸೆನ್, ಅದರ ಕೋಚ್ ಯಾರು ಗೊತ್ತಾ? ಅದೇ ಡಾವುಮ್. ಮೊದಲ ಪಂದ್ಯ 1-1, ಎರಡನೆಯದು 3-0. ಫೈನಲ್ 1998ರ ಮೇ 20ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ, ಯುವೆಂಟಸ್ ವಿರುದ್ಧ. 66ನೇ ನಿಮಿಷದಲ್ಲಿ ಮಿಯಾಟೊವಿಚ್ ಒಂದು ಗೋಲು ಹೊಡೆದರು, ಅಷ್ಟೇ ಸಾಕಾಯಿತು. 32 ವರ್ಷಗಳಿಂದ ಕಾಯುತ್ತಿದ್ದ ಏಳನೇ ಯುರೋಪಿಯನ್ ಕಪ್ ಮ್ಯಾಡ್ರಿಡ್‌ಗೆ ಬಂತು. ಕೆಲವೇ ದಿನಗಳಲ್ಲಿ ಹೈಂಕೆಸ್ ಅವರನ್ನು ಮನೆಗೆ ಕಳಿಸಿದರು. ಯುರೋಪ್ ಚಾಂಪಿಯನ್ ಆದ ಕೋಚ್‌ಗೆ ಹೀಗೆ! ಅಧ್ಯಕ್ಷ ಲೊರೆಂಜೊ ಸಾನ್ಸ್ ಅವರ ಈ ತೀರ್ಮಾನ ನನಗೆ ಈಗಲೂ ಸರಿ ಅನ್ನಿಸುವುದಿಲ್ಲ. ಲೀಗ್ ಹದಗೆಟ್ಟಿದ್ದು ನಿಜ, ಸ್ಟಾರ್‌ಗಳೇ ತುಂಬಿದ ಆ ಡ್ರೆಸ್ಸಿಂಗ್ ರೂಮ್ ಮೇಲೆ ಕೋಚ್‌ಗೆ ಪೂರ್ತಿ ಹಿಡಿತ ಇರಲಿಲ್ಲ ಅನ್ನೋ ದೂರಿನಲ್ಲೂ ಸತ್ಯವಿದೆ, ಆದರೆ ಮೂರು ದಶಕ ಯಾರಿಗೂ ಆಗದ್ದನ್ನು ಮಾಡಿದವರಿಗೆ ಇನ್ನೊಂದು ವರ್ಷ ಕೊಡಬಹುದಿತ್ತು, ಅಲ್ವಾ?

ಮುಂದಿನ ಒಂಬತ್ತು ವರ್ಷ ಇಳಿಜಾರು. ಲಿಸ್ಬನ್‌ನ ಬೆನ್‌ಫಿಕಾದಲ್ಲಿ ಸೆಲ್ಟಾ ವಿಗೊ ವಿರುದ್ಧ 7-0 ಸೋಲು, ಅಭಿಮಾನಿಗಳ ಕಣ್ಮಣಿ ಜೊವಾವ್ ಪಿಂಟೊ ಕ್ಲಬ್ ಬಿಟ್ಟಿದ್ದಕ್ಕೆ ಜನರ ಸಿಟ್ಟು, 2000ದ ಸೆಪ್ಟೆಂಬರ್‌ನಲ್ಲಿ ನಿರ್ಗಮನ. ಅವರ ಜಾಗಕ್ಕೆ ಬಂದದ್ದು ಆವರೆಗೆ ಮುಖ್ಯ ಕೋಚ್ ಆಗಿರದ ಜೋಸೆ ಮೊರಿನ್ಯೊ. ಮತ್ತೆ ಬಿಲ್ಬಾವೊ ಎರಡು ವರ್ಷ. ಶಾಲ್ಕೆಯಲ್ಲಿ ಒಂದು ವರ್ಷ ಕಳೆದು 2004ರ ಸೆಪ್ಟೆಂಬರ್‌ನಲ್ಲಿ ವಜಾ. ಇವರದು ಹಳೇ ಕಾಲದ ಶೈಲಿ ಅನ್ನುವ ಮಾತು ಆಗ ಜೋರಾಗಿ ಕೇಳಿಬಂತು. 2006ರಲ್ಲಿ ಹುಟ್ಟೂರಿನ ಗ್ಲಾಡ್‌ಬಾಖ್‌ಗೆ ಹೋದರು. ಪಂದ್ಯದ ಮೇಲೆ ಪಂದ್ಯ ಗೆಲುವಿಲ್ಲ, ಮೇಲಿಂದ ಬೆದರಿಕೆಗಳು. 2007ರ ಜನವರಿ 31ರಂದು ತಾವೇ ರಾಜೀನಾಮೆ ಕೊಟ್ಟರು. ತಾವು ಆಡಿ ಬೆಳೆಸಿದ ಊರಿನ ಕ್ಲಬ್‌ನಿಂದ ಹೀಗೆ ಹೊರಡಬೇಕಾಗಿ ಬಂದದ್ದು ಎಂಥ ನೋವಿರಬೇಕು. 61 ವರ್ಷ. ಎಲ್ಲರೂ ಮುಗೀತು ಅಂತಲೇ ಬರೆದರು. ಅವರು ತಮ್ಮ ತೋಟದ ಮನೆಗೆ ಹೋಗಿ ನಾಯಿಯ ಜೊತೆ ಇದ್ದುಬಿಟ್ಟರು.

2009ರ ಏಪ್ರಿಲ್‌ನಲ್ಲಿ ಬಯರ್ನ್ ಆಗಿನ ಕೋಚ್ ಕ್ಲಿನ್ಸ್‌ಮನ್ ಅವರನ್ನು ತೆಗೆಯಿತು. ಸೀಸನ್‌ನಲ್ಲಿ ಉಳಿದದ್ದು ಐದು ಪಂದ್ಯ. ಹೊಯ್ನೆಸ್ ಹಳೆಯ ಗೆಳೆಯನಿಗೆ ಫೋನ್ ಮಾಡಿದರು. ನಾಲ್ಕು ಗೆಲುವು, ಒಂದು ಡ್ರಾ. ಆ ಐದು ಪಂದ್ಯ ಅವರಿಗೆ ಮತ್ತೆ ಹುರುಪು ತಂದಿತು. ಆ ಬೇಸಿಗೆಯಲ್ಲೇ ಲೆವರ್‌ಕುಸೆನ್‌ಗೆ ಹೋದರು. ಅಲ್ಲಿ ಕಂಡದ್ದು ಬೇರೆಯೇ ಹೈಂಕೆಸ್. ಸಹಾಯಕ ಪೀಟರ್ ಹೆರ್ಮನ್ ಅವರಿಗೆ ಪ್ರ್ಯಾಕ್ಟೀಸ್‌ನ ದೊಡ್ಡ ಭಾಗ ಬಿಟ್ಟುಕೊಟ್ಟರು. ಬಯರ್ನ್‌ನಿಂದ ಎರವಲು ಬಂದಿದ್ದ ಹತ್ತೊಂಬತ್ತರ ಹುಡುಗ ಟೋನಿ ಕ್ರೋಸ್‌ಗೆ ಬಿಡದೆ ಅವಕಾಶ ಕೊಟ್ಟರು. ಸೀಸನ್‌ನ ಮೊದಲ 24 ಲೀಗ್ ಪಂದ್ಯಗಳಲ್ಲಿ ತಂಡ ಒಂದನ್ನೂ ಸೋಲಲಿಲ್ಲ. ಮರುವರ್ಷ ದೊಡ್ಡ ಹೆಸರಿನ ಮಿಖಾಯೆಲ್ ಬಲಾಕ್ ಮರಳಿ ಬಂದಾಗ ಅವರನ್ನು ಬೆಂಚ್‌ನಲ್ಲಿ ಕೂರಿಸಬೇಕಾದ ಸಂದರ್ಭ ಬಂತು. ಪತ್ರಿಕೆಗಳಲ್ಲಿ ಗದ್ದಲ ಆಯಿತು, ಆದರೆ ತಂಡ ಒಡೆಯಲಿಲ್ಲ, ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೆ ಬಂತು. ಫ್ರಾಂಕ್‌ಫರ್ಟ್‌ಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ.

2011ರಲ್ಲಿ ಬಯರ್ನ್‌ಗೆ ಮೂರನೇ ಸಲ. ಹೆರ್ಮನ್ ಅವರನ್ನೂ ಕರೆದುಕೊಂಡು ಬಂದರು. ಆ ಸೀಸನ್‌ನ ನಡುವೆ, 2012ರ ಜನವರಿ 10ರಂದು, ಈ ತಂಡ ದೆಹಲಿಗೂ ಬಂದು ಬೈಚುಂಗ್ ಭುಟಿಯಾ ಅವರ ವಿದಾಯದ ಪಂದ್ಯದಲ್ಲಿ ಭಾರತದ ವಿರುದ್ಧ 4-0 ಗೆದ್ದಿತ್ತು. ಆಗಲೇ ಈ ತಂಡದ ರೋಗ ಕಾಣುತ್ತಿತ್ತು. ಚೆಂಡು ಕೈಯಲ್ಲಿದ್ದಾಗ ಅದ್ಭುತ, ಕಳೆದುಕೊಂಡಾಗ ಎರಡು ತುಂಡು. ಮುಂದಿನವರು ಮುಂದೆಯೇ ನಿಂತುಬಿಡುತ್ತಿದ್ದರು. ಏಪ್ರಿಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ವಿರುದ್ಧದ ಸೆಮಿಫೈನಲ್‌ನ ಮಧ್ಯಂತರದಲ್ಲಿ, ಫ್ರೀ ಕಿಕ್ ಯಾರು ಹೊಡೆಯಬೇಕು ಅನ್ನೋ ಜಗಳ ಬೆಳೆದು ಫ್ರಾಂಕ್ ರಿಬೆರಿ ಡ್ರೆಸ್ಸಿಂಗ್ ರೂಮ್‌ನಲ್ಲಿ ರಾಬೆನ್‌ಗೆ ಹೊಡೆದೇಬಿಟ್ಟರು. ಇನ್ನೊಂದು ಕೊರತೆ ಬೆಂಚ್‌ನದು. ಚೆಲ್ಸಿ ವಿರುದ್ಧದ ಫೈನಲ್‌ಗೆ ಆಲಾಬಾ, ಬಾಡ್‌ಸ್ಟೂಬರ್, ಲೂಯಿಸ್ ಗುಸ್ತಾವೊ ಮೂವರೂ ಅಮಾನತಿನಲ್ಲಿದ್ದರು. ಮಿಡ್‌ಫೀಲ್ಡರ್ ಟಿಮೊಶ್ಚುಕ್ ಅವರನ್ನು ಡಿಫೆನ್ಸ್‌ನಲ್ಲಿ ನಿಲ್ಲಿಸಬೇಕಾಯಿತು.

ಆ ಬೇಸಿಗೆಯಲ್ಲಿ ಕ್ಲಬ್ ಕೋಚ್‌ನನ್ನು ಬದಲಿಸಲಿಲ್ಲ. 1991ರ ಪಾಠ ಹೊಯ್ನೆಸ್‌ಗೆ ನೆನಪಿತ್ತು ಅಂತ ನಾನು ಅಂದುಕೊಳ್ಳುತ್ತೇನೆ. ಬದಲಿಗೆ ಕೊಂಡರು. ಗ್ಲಾಡ್‌ಬಾಖ್‌ನಿಂದ ಡಾಂಟೆ ಬಂದರು, ವೋಲ್ಫ್ಸ್‌ಬುರ್ಗ್‌ನಿಂದ ಮಾಂಜುಕಿಚ್ ಬಂದರು. ಬಿಲ್ಬಾವೊದಿಂದ ಹಾವಿ ಮಾರ್ಟಿನೆಸ್, ಬೆಲೆ 4 ಕೋಟಿ ಯೂರೊ, ಆವರೆಗೆ ಬುಂಡೆಸ್‌ಲಿಗಾದಲ್ಲಿ ಯಾರಿಗೂ ಕೊಡದಷ್ಟು ಮೊತ್ತ. ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್‌ಗೆ ಇಷ್ಟಾ ಅಂತ ಜನ ಹುಬ್ಬೇರಿಸಿದರು. ಹೈಂಕೆಸ್‌ಗೆ ಮಾತ್ರ ಈ ಹುಡುಗನೇ ಬೇಕಿತ್ತು. ಬಿಲ್ಬಾವೊ ಎಂಥ ಆಟಗಾರರನ್ನು ತಯಾರು ಮಾಡುತ್ತದೆ ಅಂತ ಅಲ್ಲಿ ಎರಡು ಸಲ ಕೆಲಸ ಮಾಡಿದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಾರ್ಟಿನೆಸ್ ಮತ್ತು ಶ್ವೈನ್‌ಸ್ಟೈಗರ್ ಜೋಡಿ ಮುಂದಿನ ಸಾಲನ್ನೂ ಹಿಂದಿನ ಸಾಲನ್ನೂ ಹೊಲಿದು ಒಂದು ಮಾಡಿತು.

ಆದರೆ ನಿಜವಾದ ಬದಲಾವಣೆಗೆ ದುಡ್ಡು ಬೇಕಿರಲಿಲ್ಲ. ಚೆಂಡು ಕಳೆದುಕೊಂಡ ತಕ್ಷಣ ಎಲ್ಲರೂ ಹಿಂದಕ್ಕೆ ಓಡಬೇಕು, ಇಲ್ಲವೇ ಅಲ್ಲೇ ಎದುರಾಳಿಯ ಮೇಲೆ ಬೀಳಬೇಕು. ಡಾರ್ಟ್‌ಮುಂಡ್ ಎರಡು ವರ್ಷ ಇದನ್ನೇ ಮಾಡಿ ಬಯರ್ನ್‌ನನ್ನು ಸೋಲಿಸಿತ್ತು. ಹೈಂಕೆಸ್ ಎದುರಾಳಿಯಿಂದ ಕಲಿಯಲು ನಾಚಲಿಲ್ಲ. ರಿಬೆರಿ ಎಡಗಡೆ ಡಿಫೆಂಡರ್ ಆಲಾಬಾ ನೆರವಿಗೆ ಹಿಂದಕ್ಕೆ ಓಡುತ್ತಿದ್ದರು, ರಾಬೆನ್ ಬಲಗಡೆ ಡಿಫೆಂಡರ್ ಲಾಮ್‌ಗೆ ನೆರವಾಗುತ್ತಿದ್ದರು. ಹಿಂದಿನ ವರ್ಷ ಊಹಿಸಲೂ ಆಗದ ದೃಶ್ಯ ಅದು. ಆ ಇಬ್ಬರನ್ನು ಹೀಗೆ ಓಡಿಸುವುದು ಆಜ್ಞೆಯಿಂದ ಆಗುವ ಕೆಲಸವಲ್ಲ. ಅದಕ್ಕೆ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತಾಡಬೇಕು, ಮತ್ತೆ ಮತ್ತೆ. 1994ರ ಹೈಂಕೆಸ್ ಓಟವನ್ನು ಶಿಕ್ಷೆಯಾಗಿ ಹಾಕಿದ್ದರು. 2012ರ ಹೈಂಕೆಸ್ ಅದೇ ಓಟವನ್ನು ಆಟಗಾರರೇ ಬಯಸುವಂತೆ ಮಾಡಿದರು.

ಬೆಂಚ್ ವಿಷಯ ಇನ್ನೂ ಕಷ್ಟದ್ದು. ಹಿಂದಿನ ಸೀಸನ್‌ನಲ್ಲಿ ಲೀಗ್‌ನಲ್ಲೇ 26 ಗೋಲು ಹೊಡೆದಿದ್ದ ಮಾರಿಯೊ ಗೊಮೆಜ್ ಗಾಯದಿಂದ ಮರಳಿದಾಗ ಅವರ ಜಾಗದಲ್ಲಿ ಮಾಂಜುಕಿಚ್ ಇದ್ದರು, ಮುಂದಿನಿಂದಲೇ ಡಿಫೆಂಡರ್‌ಗಳನ್ನು ಕಾಡುತ್ತಿದ್ದರು ಅನ್ನೋ ಕಾರಣಕ್ಕೆ. ರಾಬೆನ್ ಕೂಡ ಗಾಯಗಳ ನಡುವೆ ಜಾಗ ಕಳೆದುಕೊಂಡರು, ಕ್ರೋಸ್, ಮ್ಯೂಲರ್, ರಿಬೆರಿ ಮೂವರ ಸಾಲು ಗಟ್ಟಿಯಾಯಿತು. ಗೊಮೆಜ್ ಆಗಲಿ ರಾಬೆನ್ ಆಗಲಿ ತಂಡ ಒಡೆಯುವ ಮಟ್ಟಕ್ಕೆ ಹೋಗಲಿಲ್ಲ. ನನ್ನನ್ನು ಕೇಳಿದರೆ ಆ ಸೀಸನ್‌ನ ಅತಿ ದೊಡ್ಡ ಕೋಚಿಂಗ್ ಸಾಧನೆ ಇದು, ಬಾರ್ಸಿಲೋನಾ ಮೇಲಿನ ಗೆಲುವಿಗಿಂತಲೂ ದೊಡ್ಡದು.

2013ರ ಜನವರಿ 16ರಂದು ಇನ್ನೊಂದು ಪೆಟ್ಟು. ಮುಂದಿನ ಸೀಸನ್‌ನಿಂದ ಪೆಪ್ ಗ್ವಾರ್ಡಿಯೋಲಾ ಕೋಚ್ ಅಂತ ಬಯರ್ನ್ ಪ್ರಕಟಿಸಿತು. ಇನ್ನೂ ಅರ್ಧ ಸೀಸನ್ ಬಾಕಿ ಇತ್ತು. ಹೊರಡುವ ಕೋಚ್‌ನ ಮಾತನ್ನು ಆಟಗಾರರು ಕೇಳುವುದು ಕಡಿಮೆಯಾಗುವುದು ಸಹಜ, ಮ್ಯಾಡ್ರಿಡ್‌ನಲ್ಲಿ ಅದರ ರುಚಿಯನ್ನು ಅವರು ನೋಡಿದ್ದರು. ಇಲ್ಲಿ ಉಲ್ಟಾ ಆಯಿತು. ಏಪ್ರಿಲ್ 6ಕ್ಕೇ, ಇನ್ನೂ ಆರು ಪಂದ್ಯ ಉಳಿದಿರುವಾಗ, ಲೀಗ್ ಪ್ರಶಸ್ತಿ ಖಚಿತವಾಯಿತು. ಖಚಿತವಾದದ್ದು ಫ್ರಾಂಕ್‌ಫರ್ಟ್ ಮೈದಾನದಲ್ಲಿ. ಕೊನೆಗೆ 91 ಪಾಯಿಂಟ್, ಎರಡನೆಯವರಿಗಿಂತ 25 ಹೆಚ್ಚು, ಹೊಡೆದ ಗೋಲು 98, ಬಿಟ್ಟುಕೊಟ್ಟದ್ದು 18 ಮಾತ್ರ. ಸೋತದ್ದು ಒಂದೇ ಪಂದ್ಯ, ಅದೂ ಲೆವರ್‌ಕುಸೆನ್‌ಗೆ.

ಚಾಂಪಿಯನ್ಸ್ ಲೀಗ್‌ನಲ್ಲಿ ಮಾರ್ಚ್‌ನಲ್ಲಿ ಆರ್ಸೆನಲ್ ಒಂದು ಸಲ ನಡುಗಿಸಿತು. ಲಂಡನ್‌ನಲ್ಲಿ 3-1 ಗೆದ್ದು ಬಂದಿದ್ದ ಬಯರ್ನ್ ಮನೆಯಲ್ಲಿ 2-0 ಸೋತು, ಎದುರಾಳಿ ಅಂಗಳದ ಗೋಲಿನ ಲೆಕ್ಕದಲ್ಲಿ ಬಚಾವಾಯಿತು. ಏಪ್ರಿಲ್ 2ರಂದು ಯುವೆಂಟಸ್ ವಿರುದ್ಧ 16ನೇ ನಿಮಿಷದಲ್ಲೇ ಕ್ರೋಸ್ ಗಾಯಗೊಂಡು ಹೊರನಡೆದರು. ಆ ಸೀಸನ್‌ಗೆ ಅವರ ಆಟ ಮುಗಿಯಿತು. ಬೆಂಚ್‌ನಿಂದ ಎದ್ದು ಬಂದದ್ದು ರಾಬೆನ್. ಮ್ಯೂಲರ್ ನಡುವಿಗೆ ಸರಿದರು. ತಿಂಗಳುಗಟ್ಟಲೆ ಹೊರಗೆ ಕೂತಿದ್ದ ಆಟಗಾರ ಮುನಿಸಿಕೊಂಡು ಬಾಡಿಹೋಗಿದ್ದರೆ ಇಲ್ಲಿ ಎಲ್ಲವೂ ಕುಸಿಯುತ್ತಿತ್ತು. ಯುವೆಂಟಸ್ ಮೇಲೆ 2-0, 2-0. ಬಾರ್ಸಿಲೋನಾ ಮೇಲೆ 4-0, 3-0. ಬಾರ್ಸಿಲೋನಾ ಪಂದ್ಯಕ್ಕೆ ಮೂರು ದಿನ ಮುಂಚೆ ಹೊಯ್ನೆಸ್ ಅವರ ತೆರಿಗೆ ಪ್ರಕರಣ ಬಯಲಾಗಿ ಕ್ಲಬ್ ಅಲ್ಲೋಲಕಲ್ಲೋಲವಾಗಿತ್ತು. ಮಾಂಜುಕಿಚ್ ಅಮಾನತಿನಲ್ಲಿದ್ದರು, ಗೊಮೆಜ್ ಆಡಿದರು, ಗೋಲನ್ನೂ ಹೊಡೆದರು.

ಮೇ 25, ವೆಂಬ್ಲಿ, ಎದುರಾಳಿ ಡಾರ್ಟ್‌ಮುಂಡ್. 60ನೇ ನಿಮಿಷದಲ್ಲಿ ರಿಬೆರಿ ಚೆಂಡನ್ನು ರಾಬೆನ್‌ಗೆ ಕೊಟ್ಟರು, ರಾಬೆನ್ ಮಾಂಜುಕಿಚ್ ಮುಂದೆ ಇಟ್ಟರು, ಗೋಲು. 68ರಲ್ಲಿ ಗುಂಡೊಗಾನ್ ಪೆನಾಲ್ಟಿಯಿಂದ ಸಮ ಮಾಡಿದರು. 89ನೇ ನಿಮಿಷದಲ್ಲಿ ರಿಬೆರಿ ಹಿಮ್ಮಡಿಯಿಂದ ತಳ್ಳಿದ ಚೆಂಡನ್ನು ರಾಬೆನ್ ಓಡಿ ಹಿಡಿದು, ಗೋಲ್‌ಕೀಪರ್ ಪಕ್ಕದಿಂದ ಮೆಲ್ಲಗೆ ಉರುಳಿಸಿದರು. 2-1. ಹದಿಮೂರು ತಿಂಗಳ ಹಿಂದೆ ಡ್ರೆಸ್ಸಿಂಗ್ ರೂಮ್‌ನಲ್ಲಿ ಕೈಕೈ ಮಿಲಾಯಿಸಿದ ಇಬ್ಬರು ಎರಡೂ ಗೋಲುಗಳಲ್ಲಿ ಕೈಜೋಡಿಸಿದ್ದರು. ಜೂನ್ 1ರಂದು ಸ್ಟುಟ್‌ಗಾರ್ಟ್ ವಿರುದ್ಧ 3-2 ಗೆದ್ದು ಕಪ್ ಕೂಡ ಬಂತು.

ಇನ್ನು ಆಕ್ಷೇಪಗಳು. ಈ ತಂಡದ ಅಡಿಪಾಯ ಹಾಕಿದ್ದು ಹೈಂಕೆಸ್ ಬರುವ ಮುಂಚೆ ಕೋಚ್ ಆಗಿದ್ದ ಲೂಯಿ ಫಾನ್ ಹಾಲ್ ಅಂತ ಹೇಳುವವರಿದ್ದಾರೆ. ಸರಿಯೇ. ಮ್ಯೂಲರ್, ಬಾಡ್‌ಸ್ಟೂಬರ್ ಅವರನ್ನು ಬೆಳೆಸಿದ್ದು, ಶ್ವೈನ್‌ಸ್ಟೈಗರ್‌ನನ್ನು ಬದಿಯಿಂದ ಮೈದಾನದ ನಡುವಿಗೆ ತಂದದ್ದು ಅವರೇ. ಆ ಋಣ ದೊಡ್ಡದು. ದುಡ್ಡಿನ ವಾದವೂ ಇದೆ, ಬೇರೆ ಯಾವ ಜರ್ಮನ್ ಕ್ಲಬ್‌ಗೂ ಒಬ್ಬ ಆಟಗಾರನಿಗೆ 4 ಕೋಟಿ ಯೂರೊ ಸುರಿಯುವ ಶಕ್ತಿ ಆಗ ಇರಲಿಲ್ಲ.

ದುಡ್ಡಿನ ವಾದಕ್ಕೆ ನನ್ನ ಉತ್ತರ 2017. ಆ ಸೆಪ್ಟೆಂಬರ್ ಕೊನೆಗೆ ಬಯರ್ನ್ ಕೋಚ್ ಕಾರ್ಲೊ ಆಂಚೆಲೊಟಿ ಅವರನ್ನು ತೆಗೆಯಿತು. ಹೊಸ ಕೋಚ್ ಬರುವ ಹೊತ್ತಿಗೆ ತಂಡ ಡಾರ್ಟ್‌ಮುಂಡ್‌ಗಿಂತ ಐದು ಪಾಯಿಂಟ್ ಹಿಂದಿತ್ತು. ಹೊಯ್ನೆಸ್ ಮತ್ತೆ ಅದೇ ಗೆಳೆಯನ ಮೊರೆ ಹೋದರು. ಹೈಂಕೆಸ್‌ಗೆ ಆಗ 72. ಅಕ್ಟೋಬರ್‌ನಲ್ಲಿ ಆಟಗಾರರನ್ನು ಕೊಳ್ಳುವಂತಿಲ್ಲ, ಇದ್ದವರನ್ನೇ ನೋಡಿಕೊಳ್ಳಬೇಕು. ಹೆರ್ಮನ್ ಅವರನ್ನು ಡುಸೆಲ್‌ಡಾರ್ಫ್‌ನಿಂದ ಬಿಡಿಸಿಕೊಂಡು ಬಂದರು. ಡಿಫೆನ್ಸ್‌ಗೆ ಸರಿಸಲಾಗಿದ್ದ ಮಾರ್ಟಿನೆಸ್‌ನನ್ನು ಮತ್ತೆ ಮಿಡ್‌ಫೀಲ್ಡ್‌ಗೆ ತಂದರು. ಕೊಲಂಬಿಯಾದ ಹಾಮೆಸ್ ರೊಡ್ರಿಗೆಸ್ ಜೊತೆ ಅವನದೇ ಸ್ಪ್ಯಾನಿಷ್‌ನಲ್ಲಿ ಮಾತಾಡಿದರು, ಬೇಸರದಲ್ಲಿದ್ದ ಆಟಗಾರ ಅರಳಿದರು. ಮೊದಲ ಲೀಗ್ ಪಂದ್ಯ 5-0. ಐದು ಪಾಯಿಂಟ್ ಹಿಂದಿದ್ದ ಅದೇ ತಂಡ ಸೀಸನ್ ಮುಗಿಸಿದ್ದು 21 ಪಾಯಿಂಟ್ ಮುಂದೆ.

ಎಲ್ಲವೂ ಗೆಲುವಾಗಲಿಲ್ಲ. ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಒಂದೇ ಗೋಲಿನ ಅಂತರದಲ್ಲಿ ಸೋತರು. 2018ರ ಮೇ 19ರ ಕಪ್ ಫೈನಲ್‌ನಲ್ಲಿ ಫ್ರಾಂಕ್‌ಫರ್ಟ್ ಅವರನ್ನು 3-1ರಿಂದ ಸೋಲಿಸಿತು. ಇನ್ನೊಂದು ವರ್ಷ ಇರಿ ಅಂತ ಹೊಯ್ನೆಸ್ ಕೇಳಿಕೊಂಡರು. ಹೈಂಕೆಸ್ ಒಪ್ಪಲಿಲ್ಲ. ಅವರ ಜಾಗಕ್ಕೆ ಬಂದವರು ಆ ಫೈನಲ್‌ನಲ್ಲಿ ಅವರನ್ನು ಸೋಲಿಸಿದ ಫ್ರಾಂಕ್‌ಫರ್ಟ್‌ನ ಕೋಚ್ ನಿಕೊ ಕೊವಾಚ್.